ಹುಟ್ಟದವರ ಹಕ್ಕು, ಸತ್ತವಳ ಹೆಸರು

2012ರ ನವೆಂಬರ್ 14 ಬಲಿಪಾಡ್ಯಮಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯ ಪಾಂಡವರನ್ನು ಕೂರಿಸಿ ಪೂಜಿಸುವ ದಿನ. ಅಂದೇ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಿಂದ ಹೊರಡುವ ‘ದಿ ಐರಿಷ್ ಟೈಮ್ಸ್’ ಪತ್ರಿಕೆಯ ಮುಖಪುಟದಲ್ಲಿ ಒಂದು ಸುದ್ದಿ ಅಚ್ಚಾಯಿತು. ಬೆಳಗಾವಿಯಿಂದ ಹೋಗಿ ಗಾಲ್ವೇ ನಗರದಲ್ಲಿ ನೆಲೆಸಿದ್ದ 31 ವರ್ಷದ ದಂತವೈದ್ಯೆ ಸವಿತಾ ಹಾಲಪ್ಪನವರ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಹದಿನೇಳು ವಾರಗಳ ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ತಿಳಿಸಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಆಕೆ ಕೇಳಿದ್ದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆದ್ದರಿಂದ ಆಗದು ಎಂಬ ಉತ್ತರ ಬಂದಿತ್ತು. ನಂಜು ಮೈಯೆಲ್ಲ ಏರಿ ಅಕ್ಟೋಬರ್ 28ರಂದು ಪ್ರಾಣ ಹೋಯಿತು. ಪತ್ರಿಕೆಯಲ್ಲಿ ಸುದ್ದಿ ಬರುವ ಹೊತ್ತಿಗೆ ಅಂತ್ಯಕ್ರಿಯೆಯೂ ಮುಗಿದಿತ್ತು.

ಆ ಸಂಜೆ ಡಬ್ಲಿನ್‌ನ ಸಂಸತ್ ಭವನದ ಎದುರು ಜನ ಮೋಂಬತ್ತಿ ಹಿಡಿದು ನಿಂತರು. ಮೂರು ದಿನ ಕಳೆದು, ಶನಿವಾರ, ಸಾವಿರಾರು ಮಂದಿ ಮೆರವಣಿಗೆ ಹೊರಟರು. ಅವರಲ್ಲಿ ಬಹುಪಾಲು ಜನ ಸವಿತಾ ಅವರನ್ನು ಕಂಡವರಲ್ಲ. ಹಾಲಪ್ಪನವರ ಎಂಬ ಅಡ್ಡಹೆಸರನ್ನು ಉಚ್ಚರಿಸಲೂ ಅವರು ಮೊದಲ ಸಲ ಕಲಿಯಬೇಕಾಗಿತ್ತು. ಭಾರತ ಸರ್ಕಾರ ದೆಹಲಿಯಲ್ಲಿದ್ದ ಐರ್ಲೆಂಡ್ ರಾಯಭಾರಿಯನ್ನು ಕರೆಸಿ ಕಳವಳ ತಿಳಿಸಿತು. ನಮ್ಮ ನಾಡಿನ ಹೆಣ್ಣುಮಗಳೊಬ್ಬಳಿಗಾಗಿ ಪರದೇಶ ಬೀದಿಗಿಳಿದು ಅತ್ತಿತು ಎಂಬುದು ಇಲ್ಲಿಂದ ನೋಡಿದವರಿಗೆ ಕಂಡ ಚಿತ್ರ. ಅದು ಸುಳ್ಳಲ್ಲ. ಆದರೆ ಅಲ್ಲಿ ಮೋಂಬತ್ತಿ ಹಿಡಿದವರ ಕಣ್ಣ ಮುಂದೆ ಇನ್ನೊಂದು ಸಂಗತಿಯೂ ಇತ್ತು. ಅದು 29 ವರ್ಷಗಳ ಹಿಂದೆ ಅವರ ದೇಶ ಮತ ಹಾಕಿ ಸಂವಿಧಾನಕ್ಕೆ ಸೇರಿಸಿದ್ದ ಒಂದು ವಾಕ್ಯ. ಇದು ಇರುವುದನ್ನೇ ಗಟ್ಟಿ ಮಾಡುತ್ತದೆ, ಯಾರಿಗೂ ಇದರಿಂದ ತೊಂದರೆಯಾಗದು ಎಂಬ ಭರವಸೆಯೊಂದಿಗೆ ಸೇರಿಸಿದ ವಾಕ್ಯ. ಅದರ ಕಥೆ ತಿಳಿಯದೆ ಆ ಅಳು ಅರ್ಥವಾಗುವುದಿಲ್ಲ.

ಬೀಗದ ಮೇಲೊಂದು ಬೀಗ

ಕೆಲಸ ಮಾಡಿಸಲೆಂದು ಮಾಡುವ ಕಾನೂನುಗಳುಂಟು, ಮಾತು ಹೇಳಲೆಂದು ಮಾಡುವ ಕಾನೂನುಗಳೂ ಉಂಟು. ಎರಡನೆಯ ಬಗೆಯದನ್ನು ಸಾಂಕೇತಿಕ ಕಾನೂನು ಎನ್ನುತ್ತಾರೆ. ಈ ನಾಡು ಯಾವ ಮೌಲ್ಯವನ್ನು ಎತ್ತಿಹಿಡಿಯುತ್ತದೆ ಎಂದು ಲೋಕಕ್ಕೆ ಸಾರುವುದು ಅದರ ಉದ್ದೇಶ. ಮಾರನೆಯ ದಿನ ಪೊಲೀಸರಿಗಾಗಲಿ ಗುಮಾಸ್ತರಿಗಾಗಲಿ ಅದರಿಂದ ಹೊಸ ಕೆಲಸವೇನೂ ಹುಟ್ಟುವುದಿಲ್ಲ ಎಂದುಕೊಂಡೇ ಅದನ್ನು ಮಾಡಲಾಗುತ್ತದೆ.

1980ರ ದಶಕದ ಐರ್ಲೆಂಡಿನಲ್ಲಿ ಗರ್ಭಪಾತ ನಿಷೇಧಿಸಲು ಹೊಸ ಕಾನೂನು ಬೇಕಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, 1861ರಲ್ಲಿ, ಬ್ರಿಟಿಷ್ ಸಂಸತ್ತು ಮಾಡಿದ ಕಾಯಿದೆಯೇ ಅಲ್ಲಿ ಜಾರಿಯಲ್ಲಿತ್ತು. ಗರ್ಭ ತೆಗೆಸಿಕೊಂಡವಳಿಗೂ ತೆಗೆದವರಿಗೂ ಜೀವಾವಧಿ ಶಿಕ್ಷೆಯವರೆಗೆ ಅದರಲ್ಲಿ ಅವಕಾಶ. 1922ರಲ್ಲಿ ಬ್ರಿಟಿಷರು ಹೋದರು, ಕಾಯಿದೆ ಉಳಿಯಿತು. ನಮ್ಮ 1860ರ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಕೂಡ ಅದೇ ಕಾಲದ ಕೂಸು. ಆದರೆ ತಾಯಿಯ ಪ್ರಾಣ ಉಳಿಸಲು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂಬ ಮಾತು ನಮ್ಮ ಕಲಮಿನಲ್ಲಿ ಮೊದಲಿನಿಂದಲೂ ಇತ್ತು. ಐರ್ಲೆಂಡಿಗೆ ಉಳಿದ ಕಾಯಿದೆಯಲ್ಲಿ ಅಷ್ಟನ್ನೂ ಬಿಡಿಸಿ ಹೇಳಿರಲಿಲ್ಲ.

ಹೀಗೆ ಮೊದಲೇ ಬೀಗ ಜಡಿದ ಬಾಗಿಲಿಗೆ ಇನ್ನೊಂದು ಬೀಗ ಏಕೆ? ಹೆದರಿಕೆ ಬಂದದ್ದು ಹೊರಗಿನಿಂದ. 1967ರಲ್ಲಿ ಬ್ರಿಟನ್ ಗರ್ಭಪಾತಕ್ಕೆ ಕಾನೂನಿನ ಮಾನ್ಯತೆ ನೀಡಿತು. 1973ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಖಾಸಗಿತನದ ಹಕ್ಕಿನಲ್ಲಿ ಗರ್ಭಪಾತದ ಹಕ್ಕೂ ಅಡಗಿದೆ ಎಂದು ತೀರ್ಪು ಕೊಟ್ಟಿತು. (ಆ ತೀರ್ಪನ್ನು ಅದೇ ಕೋರ್ಟ್ 2022ರಲ್ಲಿ ರದ್ದುಪಡಿಸಿತು.) ಅದೇ 1973ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್, ಮದುವೆಯಾದವರು ಗರ್ಭನಿರೋಧಕಗಳನ್ನು ಹೊರದೇಶದಿಂದ ತರಿಸಿಕೊಳ್ಳುವುದನ್ನು ತಡೆಯಲಾಗದು ಎಂದಿತು. 1935ರಿಂದ ಅಲ್ಲಿ ಗರ್ಭನಿರೋಧಕಗಳ ಮಾರಾಟವೂ ಆಮದೂ ನಿಷಿದ್ಧವಾಗಿದ್ದವು. ಈ ತೀರ್ಪಿಗೂ ಆಧಾರವಾದದ್ದು ದಾಂಪತ್ಯದ ಖಾಸಗಿತನ. ಇಂದು ಗರ್ಭನಿರೋಧಕ, ನಾಳೆ ಗರ್ಭಪಾತ ಎಂದು ಕ್ಯಾಥೊಲಿಕ್ ಸಂಘಟನೆಗಳು ಲೆಕ್ಕ ಹಾಕಿದವು. ಸಂಸತ್ತಿಗೂ ಕೋರ್ಟಿಗೂ ಕೈಗೆಟುಕದ ಜಾಗ ಒಂದೇ, ಸಂವಿಧಾನ. ಜನಮತಗಣನೆಯಿಲ್ಲದೆ ಅದನ್ನು ತಿದ್ದಲಾಗದು.

1981ರಲ್ಲಿ ಚಳವಳಿ ಶುರುವಾಯಿತು. ಅದೃಷ್ಟವೂ ಅವರ ಕಡೆಗಿತ್ತು. 1981ರ ಜೂನ್‌ನಿಂದ 1982ರ ನವೆಂಬರ್‌ವರೆಗೆ ಐರ್ಲೆಂಡಿನಲ್ಲಿ ಮೂರು ಸಾರ್ವತ್ರಿಕ ಚುನಾವಣೆಗಳು ನಡೆದವು. ಹದಿನೆಂಟು ತಿಂಗಳಲ್ಲಿ ಮೂರು ಬಾರಿ ಮತ ಕೇಳಬೇಕಾದ ನಾಯಕರಿಗೆ ಇಂಥ ಬೇಡಿಕೆಗೆ ಇಲ್ಲವೆನ್ನುವ ಧೈರ್ಯ ಎಲ್ಲಿಂದ ಬರಬೇಕು? ಚಾರ್ಲ್ಸ್ ಹಾಹಿ, ಗ್ಯಾರೆಟ್ ಫಿಟ್ಸ್‌ಜೆರಾಲ್ಡ್ ಇಬ್ಬರೂ ಒಪ್ಪಿಕೊಂಡರು. ಹಾಹಿ ಸರ್ಕಾರ ಬೀಳುವ ಮುನ್ನ ತಿದ್ದುಪಡಿಯ ವಾಕ್ಯವನ್ನು ಸಿದ್ಧಪಡಿಸಿ ಹೋಯಿತು. ಹುಟ್ಟದವರ ಜೀವದ ಹಕ್ಕನ್ನು ರಾಜ್ಯ ಮಾನ್ಯ ಮಾಡುತ್ತದೆ. ತಾಯಿಯ ಸಮಾನವಾದ ಜೀವದ ಹಕ್ಕನ್ನೂ ಗಮನದಲ್ಲಿಟ್ಟು, ತನ್ನ ಕಾನೂನುಗಳ ಮೂಲಕ ಆ ಹಕ್ಕನ್ನು ಗೌರವಿಸುವ, ಸಾಧ್ಯವಾದ ಮಟ್ಟಿಗೆ ಕಾಪಾಡುವ ಭರವಸೆ ಕೊಡುತ್ತದೆ ಎಂಬುದು ಅದರ ಭಾವಾರ್ಥ. ಸಂವಿಧಾನದ ಐರಿಷ್ ಭಾಷೆಯ ಪಾಠವೇ ಅಲ್ಲಿ ಅಂತಿಮ. ಅದರಲ್ಲಿ ‘ಹುಟ್ಟಿರದ ಜೀವಂತರು’ ಎಂಬರ್ಥದ ಮಾತಿದೆ.

ಫಿಟ್ಸ್‌ಜೆರಾಲ್ಡ್ ಪ್ರಧಾನಿಯಾದ ಮೇಲೆ ಅವರ ಅಟಾರ್ನಿ ಜನರಲ್ ಪೀಟರ್ ಸದರ್‌ಲೆಂಡ್ 1983ರ ಆರಂಭದಲ್ಲಿ ಎಚ್ಚರಿಸಿದರು. ಈ ವಾಕ್ಯ ಅಸ್ಪಷ್ಟ, ಇದರಿಂದ ವೈದ್ಯರಿಗೆ ಗೊಂದಲವಾಗುತ್ತದೆ, ಎರಡು ಸಮಾನ ಹಕ್ಕುಗಳು ಒಂದಕ್ಕೊಂದು ಎದುರಾದರೆ ಏನು ಮಾಡಬೇಕೆಂದು ಇದು ಹೇಳುವುದಿಲ್ಲ ಎಂಬುದು ಅವರ ಸಲಹೆಯ ಸಾರ. ಸೆನೆಟರ್ ಆಗಿದ್ದ ಮೇರಿ ರಾಬಿನ್ಸನ್, ಮುಂದೆ 1990ರಲ್ಲಿ ಐರ್ಲೆಂಡಿನ ಮೊದಲ ಮಹಿಳಾ ಅಧ್ಯಕ್ಷೆಯಾದವರು, ಇದನ್ನು ವಿರೋಧಿಸಿದರು. ಫಿಟ್ಸ್‌ಜೆರಾಲ್ಡ್ ಬೇರೊಂದು ವಾಕ್ಯ ತಂದರು. ಸಂಸತ್ತು ಅದನ್ನು ತಳ್ಳಿಹಾಕಿತು. ಕೊನೆಗೆ ತಾವೇ ಭರವಸೆ ಕೊಟ್ಟಿದ್ದ ತಿದ್ದುಪಡಿಗೆ ಮತ ಹಾಕಬೇಡಿ ಎಂದು ಪ್ರಧಾನಿಯೇ ಹೇಳಬೇಕಾಯಿತು. ಯಾರು ಕೇಳುತ್ತಾರೆ? 1983ರ ಸೆಪ್ಟೆಂಬರ್ 7ರ ಜನಮತಗಣನೆಯಲ್ಲಿ ಶೇ 66.9ರಷ್ಟು ಮತಗಳು ತಿದ್ದುಪಡಿಯ ಪರ ಬಿದ್ದವು. ಇದೇ ಎಂಟನೆಯ ತಿದ್ದುಪಡಿ.

ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಮಾದರಿಯಾದದ್ದು ಇದೇ 1937ರ ಐರಿಷ್ ಸಂವಿಧಾನ ಎಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ 45ನೇ ವಿಧಿಯಲ್ಲಿರುವ ಆ ತತ್ವಗಳು ಆದರ್ಶಗಳು. ಕೋರ್ಟಿಗೆ ಹೋಗಿ ಅವುಗಳನ್ನು ಜಾರಿ ಮಾಡಿಸಲು ಬರುವುದಿಲ್ಲ. ಬರಿ ಆದರ್ಶ ಸಾರುವುದಷ್ಟೇ ಉದ್ದೇಶವಾಗಿದ್ದರೆ ಹೊಸ ವಾಕ್ಯವನ್ನೂ ಅಲ್ಲಿಯೇ ಇಡಬಹುದಿತ್ತು. ಇಟ್ಟದ್ದು 40ನೇ ವಿಧಿಯಲ್ಲಿ, ವ್ಯಕ್ತಿಯ ಮೂಲಭೂತ ಹಕ್ಕುಗಳ ಸಾಲಿನಲ್ಲಿ. ಮಾತು ಸಂಕೇತದ್ದು, ಜಾಗ ಮಾತ್ರ ಕೋರ್ಟಿನ ಕೈಗೆ ಸಿಗುವಂಥದ್ದು. ಮುಂದಿನ 35 ವರ್ಷಗಳ ಎಲ್ಲ ತೊಡಕೂ ಇದರಿಂದ ಹುಟ್ಟಿದ್ದು ಎಂದರೆ ಅತಿಶಯೋಕ್ತಿಯಲ್ಲ.

ಯಾರಿಗಾಗಿ ಅಳಬಹುದು?

ತಿದ್ದುಪಡಿಯಾಗಿ ಐದು ತಿಂಗಳೂ ಆಗಿರಲಿಲ್ಲ. 1984ರ ಜನವರಿ 31ರಂದು ಲಾಂಗ್‌ಫರ್ಡ್ ಕೌಂಟಿಯ ಗ್ರಾನಾರ್ಡ್ ಎಂಬ ಪುಟ್ಟ ಊರಿನಲ್ಲಿ ಆ್ಯನ್ ಲವೆಟ್ ಎಂಬ 15 ವರ್ಷದ ಹುಡುಗಿ ಮೇರಿ ಮಾತೆಯ ವಿಗ್ರಹವಿರುವ ಗವಿಯ ಬಳಿ ಒಬ್ಬಳೇ ಹೆತ್ತಳು. ಮಳೆ, ಚಳಿ. ಶಾಲೆಯಿಂದ ಮನೆಗೆ ಹೋಗುತ್ತಿದ್ದ ಹುಡುಗರ ಕಣ್ಣಿಗೆ ಬಿದ್ದಾಗ ಮಗು ಸತ್ತಿತ್ತು. ಅದೇ ದಿನ ಆಕೆಯೂ ತೀರಿಕೊಂಡಳು. ಇದು ಗರ್ಭಪಾತದ ಪ್ರಕರಣವಲ್ಲ. ಆದರೆ ಹುಟ್ಟದ ಮಗುವನ್ನು ಗೌರವಿಸುತ್ತೇವೆಂದು ಬರೆದುಕೊಂಡ ದೇಶದಲ್ಲಿ ಮದುವೆಯಾಗದ ಬಸುರಿಗೆ ಒಂದು ಸೂರಿರಲಿಲ್ಲ ಎಂಬುದು ಎಲ್ಲರಿಗೂ ಕಂಡಿತು.

ಆಗ ಬೀದಿಯಲ್ಲಿ ಮೋಂಬತ್ತಿ ಹಚ್ಚುವ ಕಾಲವಲ್ಲ. ಜನ ಕಾಗದ ಬರೆದರು. ಗೇ ಬರ್ನ್ ಎಂಬ ಜನಪ್ರಿಯ ನಿರೂಪಕರ ಬೆಳಗಿನ ರೇಡಿಯೊ ಕಾರ್ಯಕ್ರಮಕ್ಕೆ ರಾಶಿ ರಾಶಿ ಪತ್ರಗಳು ಬಂದವು. ಫೆಬ್ರುವರಿ 23ರಂದು ಇಡೀ ಕಾರ್ಯಕ್ರಮವನ್ನು ಆ ಪತ್ರಗಳನ್ನು ಓದಲೆಂದೇ ಮೀಸಲಿಟ್ಟರು. ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ, ಬಚ್ಚಲಲ್ಲಿ ಗುಟ್ಟಾಗಿ ಹೆತ್ತವರು ಹತ್ತಾರು ವರ್ಷ ಬಾಯಿಬಿಡದೆ ಇಟ್ಟುಕೊಂಡದ್ದನ್ನು ಹೆಸರು ಹಾಕದೆ ಬರೆದಿದ್ದರು. ಐರ್ಲೆಂಡಿನ ಅಡುಗೆಮನೆಗಳಲ್ಲಿ ಅದನ್ನು ಕೇಳಿದ ಹೆಂಗಸರಿಗೆ ತಮ್ಮದು ಒಬ್ಬರ ಕಥೆಯಲ್ಲ ಎಂದು ತಿಳಿದದ್ದು ಆ ದಿನ. ಸಾರ್ವಜನಿಕ ಶೋಕದ ಚರಿತ್ರೆ ಬರೆಯುವವರು ಮೆರವಣಿಗೆಗಳನ್ನು ಎಣಿಸುತ್ತಾರೆ; ನನಗೆ ಈ ರೇಡಿಯೊ ಬೆಳಗು ಅವೆಲ್ಲಕ್ಕಿಂತ ದೊಡ್ಡದೆನಿಸುತ್ತದೆ.

ಶೋಕದ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ದೀಕ್ಷಾಸ್ನಾನ ಪಡೆಯದೆ ಸತ್ತ ಶಿಶುಗಳಿಗೆ ಚರ್ಚಿನ ಪವಿತ್ರ ನೆಲದಲ್ಲಿ ಜಾಗ ಇಲ್ಲ ಎಂಬ ನಂಬಿಕೆಯಿಂದ, ಐರ್ಲೆಂಡಿನ ಹಳ್ಳಿಗಳಲ್ಲಿ ಅಂಥ ಕೂಸುಗಳನ್ನು ಊರಾಚೆ, ಹೊಲದ ಅಂಚಿನಲ್ಲಿ, ಹಾಳುಬಿದ್ದ ಜಾಗಗಳಲ್ಲಿ ಹೂಳುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಈ ಪದ್ಧತಿ ಇತ್ತು. ಆ ಜಾಗಗಳಿಗೆ ‘ಕಿಲ್ಲೀನ್’ ಎಂದು ಹೆಸರು. ಕಲ್ಲಿಲ್ಲ, ಹೆಸರಿಲ್ಲ, ಸಾಮಾನ್ಯವಾಗಿ ಕತ್ತಲಲ್ಲಿ ಅಪ್ಪನೊಬ್ಬನೇ ಹೊತ್ತು ಹೋಗಿ ಹೂತು ಬರುತ್ತಿದ್ದ. ಸಂವಿಧಾನದಲ್ಲಿ ಹುಟ್ಟದವರಿಗೆ ಹಕ್ಕು ಕೊಟ್ಟ ಮೇಲಾದರೂ ಸರ್ಕಾರಕ್ಕೆ ಇವರ ನೆನಪಾಯಿತೇ? ಸತ್ತು ಹುಟ್ಟಿದ ಮಗುವಿನ ಹೆಸರನ್ನು ಸರ್ಕಾರಿ ದಫ್ತರಿನಲ್ಲಿ ದಾಖಲಿಸಲು ಕಾನೂನು ಬಂದದ್ದು 1994ರಲ್ಲಿ, ಎಂಟನೆಯ ತಿದ್ದುಪಡಿಯಾಗಿ ಹನ್ನೊಂದು ವರ್ಷದ ಬಳಿಕ. ಘೋಷಣೆಗೆ ಖರ್ಚಿಲ್ಲ, ದಫ್ತರಿಗೆ ಖರ್ಚಿದೆ. ಸಾಂಕೇತಿಕ ಕಾನೂನಿನ ಗುಣವೇ ಇದು.

ವಾಕ್ಯ ಕೋರ್ಟಿಗೆ ಹೋಯಿತು

ಆ ವಾಕ್ಯ ಸುಮ್ಮನೆ ಕೂರಲಿಲ್ಲ. 1986ರಿಂದ ಶುರುವಾದ ಮೊಕದ್ದಮೆಗಳಲ್ಲಿ, ಇಂಗ್ಲೆಂಡಿನ ಗರ್ಭಪಾತ ಚಿಕಿತ್ಸಾಲಯಗಳ ವಿಳಾಸ ಕೊಡುವುದೂ ಹುಟ್ಟದವರ ಹಕ್ಕಿಗೆ ಧಕ್ಕೆ ಎಂದು ಕೋರ್ಟುಗಳು ಹೇಳಿದವು. ಆಪ್ತಸಲಹಾ ಕೇಂದ್ರಗಳ ಬಾಯಿ ಕಟ್ಟಿತು. ವಿದ್ಯಾರ್ಥಿ ಸಂಘಗಳ ಕೈಪಿಡಿಗಳ ಮೇಲೆ ದಾವೆ ಬಿತ್ತು. ಮಹಿಳೆಯರ ಆರೋಗ್ಯದ ಪುಸ್ತಕಗಳು ಡಬ್ಲಿನ್‌ನ ಸಾರ್ವಜನಿಕ ಗ್ರಂಥಾಲಯಗಳ ಕಪಾಟಿನಿಂದ ಮಾಯವಾದವು. ಬ್ರಿಟನ್ನಿನ ‘ಕಾಸ್ಮೋಪಾಲಿಟನ್’ ಮಾಸಿಕ ಐರ್ಲೆಂಡಿನಲ್ಲಿ ಜಾಹೀರಾತಿದ್ದ ಜಾಗವನ್ನು ಖಾಲಿ ಬಿಟ್ಟು ಮಾರಾಟವಾಯಿತು.

1992ರಲ್ಲಿ ಬಂದದ್ದು ಇದಕ್ಕಿಂತ ಘೋರ. ಅತ್ಯಾಚಾರಕ್ಕೊಳಗಾಗಿ ಬಸುರಿಯಾದ 14 ವರ್ಷದ ಹುಡುಗಿಯನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದೊಯ್ದರು. ಭ್ರೂಣದ ಡಿಎನ್‌ಎ ಅಪರಾಧಿಯ ವಿರುದ್ಧ ಸಾಕ್ಷ್ಯವಾಗಬಹುದೇ ಎಂದು ಅವರು ಮುಗ್ಧತೆಯಿಂದ ಪೊಲೀಸರನ್ನು ಕೇಳಿದ್ದೇ ಸುಳಿವಾಯಿತು. ಅಟಾರ್ನಿ ಜನರಲ್ ಕೋರ್ಟಿಗೆ ಹೋದರು. ಕುಟುಂಬ ಚಿಕಿತ್ಸೆ ಬಿಟ್ಟು ವಾಪಸು ಬಂತು. ಹುಡುಗಿ ಒಂಬತ್ತು ತಿಂಗಳು ದೇಶ ಬಿಡಕೂಡದು ಎಂದು ಹೈಕೋರ್ಟ್ ಆಜ್ಞೆ ಮಾಡಿತು. ಮುಳ್ಳುತಂತಿ ಸುತ್ತಿದ ಐರ್ಲೆಂಡಿನ ಭೂಪಟದೊಳಗೆ ಗೊಂಬೆ ಹಿಡಿದು ನಿಂತ ಹುಡುಗಿಯ ಮಾರ್ಟಿನ್ ಟರ್ನರ್ ವ್ಯಂಗ್ಯಚಿತ್ರ ಆಗ ಬಂದದ್ದು. ಸುಪ್ರೀಂ ಕೋರ್ಟ್ ಕೆಲವೇ ದಿನಗಳಲ್ಲಿ ಆಜ್ಞೆಯನ್ನು ತೆಗೆದುಹಾಕಿತು. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯವಿದ್ದರೆ, ಅದು ಆತ್ಮಹತ್ಯೆಯ ಅಪಾಯವಾಗಿದ್ದರೂ, ಗರ್ಭಪಾತ ಸಂವಿಧಾನಬದ್ಧ ಎಂದಿತು. ಗರ್ಭಪಾತವನ್ನು ಎಂದೆಂದಿಗೂ ತಡೆಯಲೆಂದು ಬರೆದ ವಾಕ್ಯವೇ ಅದಕ್ಕೆ ಬಾಗಿಲು ತೆರೆದಿತ್ತು. ಸಂಸತ್ತು ಈ ವಿಷಯದಲ್ಲಿ ಒಂಬತ್ತು ವರ್ಷ ಏನೂ ಮಾಡದಿದ್ದುದು ಅಕ್ಷಮ್ಯ ಎಂದು ನ್ಯಾಯಮೂರ್ತಿ ನೀಲ್ ಮೆಕಾರ್ಥಿ ಬೈದರು.

ಬೈದದ್ದಷ್ಟೇ ಬಂತು. ಆ ವರ್ಷದ ನವೆಂಬರ್‌ನಲ್ಲಿ ಮತ್ತೆ ಜನಮತಗಣನೆ ನಡೆದು, ಗರ್ಭಪಾತಕ್ಕಾಗಿ ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯವನ್ನೂ ಅದರ ಮಾಹಿತಿ ಪಡೆಯುವ ಸ್ವಾತಂತ್ರ್ಯವನ್ನೂ ಜನ ಒಪ್ಪಿದರು. ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುವ ಸಾಲು ಉದ್ದವಾಯಿತು. 2001ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡು ಐರ್ಲೆಂಡಿನ ವಿಳಾಸ ಕೊಟ್ಟವರು 6,673 ಮಂದಿ. ದೇಶದೊಳಗೆ ಮಾತ್ರ, ತಾಯಿಯ ಜೀವಕ್ಕೆ ಎಷ್ಟು ಅಪಾಯವಾದರೆ ವೈದ್ಯ ಕೈಹಾಕಬಹುದು ಎಂದು ಹೇಳುವ ಕಾನೂನನ್ನು ಇಪ್ಪತ್ತು ವರ್ಷ ಯಾವ ಸರ್ಕಾರವೂ ಮಾಡಲಿಲ್ಲ. 2010ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನೇ ಎತ್ತಿ ಐರ್ಲೆಂಡಿನ ತಪ್ಪನ್ನು ತೋರಿಸಿತು. ಆಗಲೂ ಕಾನೂನು ಬರಲಿಲ್ಲ.

ಗಾಲ್ವೇಯ ಏಳು ದಿನ

ಈ ಖಾಲಿ ಜಾಗಕ್ಕೆ ಸವಿತಾ ಬಂದು ಬಿದ್ದರು. ಬೆನ್ನುನೋವೆಂದು ಆಸ್ಪತ್ರೆಗೆ ದಾಖಲಾದದ್ದು 2012ರ ಅಕ್ಟೋಬರ್ 21, ಭಾನುವಾರ. ಆ ರಾತ್ರಿ ಕಳೆಯುವುದರೊಳಗೆ ಗರ್ಭದ ನೀರು ಒಡೆಯಿತು. ಮಂಗಳವಾರ ಆಕೆ ಗರ್ಭ ತೆಗೆಯುವಂತೆ ಕೇಳಿದರು. ಆಗಲೇ ಒಬ್ಬ ದಾದಿ ಇದು ಕ್ಯಾಥೊಲಿಕ್ ದೇಶ ಎಂಬ ಮಾತು ಆಡಿದ್ದು. ಸಂಪ್ರದಾಯ ವಿವರಿಸಲು ಹಾಗೆಂದೆ, ಅದಕ್ಕಾಗಿ ವಿಷಾದವಿದೆ ಎಂದು ಆಕೆ ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಬುಧವಾರ ನಂಜು ಗೊತ್ತಾಯಿತು. ಅಂದೇ ಭ್ರೂಣದ ಎದೆಬಡಿತ ನಿಂತಿತು. ಮರು ಭಾನುವಾರ ನಸುಕಿನಲ್ಲಿ ಸವಿತಾ ತೀರಿಕೊಂಡರು.

ಗರ್ಭಪಾತ ವಿರೋಧಿಗಳು ಅಂದಿನಿಂದ ಇಂದಿನವರೆಗೆ ಹೇಳುತ್ತಿರುವುದು: ಸವಿತಾ ಸತ್ತದ್ದು ನಂಜಿನಿಂದ, ಆಸ್ಪತ್ರೆಯ ನಿರ್ಲಕ್ಷ್ಯದಿಂದ; ಕಾನೂನಿನಿಂದಲ್ಲ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮೊದಲ ದಿನದ ರಕ್ತಪರೀಕ್ಷೆಯ ಫಲಿತಾಂಶವನ್ನು ಯಾರೂ ಬೆನ್ನುಹತ್ತಿ ನೋಡಿರಲಿಲ್ಲ. ನಾಡಿ, ಜ್ವರ, ರಕ್ತದೊತ್ತಡಗಳ ನಿಗಾ ಸಾಲದಾಗಿತ್ತು. 2013ರ ಅಕ್ಟೋಬರ್‌ನಲ್ಲಿ ಬಂದ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ವರದಿ, ಆಕೆಯನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವು ಎಂದು ಎಣಿಸಿತು. 2013ರ ಏಪ್ರಿಲ್‌ನಲ್ಲಿ ಗಾಲ್ವೇಯಲ್ಲಿ ನಡೆದ ವಿಚಾರಣೆಯಲ್ಲಿ ಜ್ಯೂರಿ ಕೊಟ್ಟ ತೀರ್ಪೂ ವೈದ್ಯಕೀಯ ಅವಘಡ ಎಂದೇ.

ಆದರೆ ಅದೇ ವಿಚಾರಣೆಯಲ್ಲಿ ಹಿರಿಯ ಪ್ರಸೂತಿತಜ್ಞ ಪೀಟರ್ ಬಾಯ್ಲನ್ ಹೇಳಿದ್ದನ್ನು ಗಮನಿಸಬೇಕು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬಹುಮಟ್ಟಿಗೆ ಬದುಕುತ್ತಿದ್ದರು. ಆದರೆ ಆಗ ಆಕೆಯ ಜೀವಕ್ಕೆ ಗಣನೀಯ ಅಪಾಯ ಇರಲಿಲ್ಲವಾದ್ದರಿಂದ ಕಾನೂನು ಒಪ್ಪುತ್ತಿರಲಿಲ್ಲ. ಕಾನೂನು ಒಪ್ಪುವಷ್ಟು ಅಪಾಯ ಬಂದ ಬುಧವಾರ, ಹೊತ್ತು ಮೀರಿತ್ತು. ಶ್ರೀಲಂಕಾ ಮೂಲದ ಪ್ರೊಫೆಸರ್ ಸಬಾರತ್ನಂ ಅರುಲ್‌ಕುಮಾರನ್ ನೇತೃತ್ವದ ಸಮಿತಿಯೂ 2013ರ ಜೂನ್‌ನಲ್ಲಿ ಇದನ್ನೇ ಬೇರೆ ಮಾತುಗಳಲ್ಲಿ ಹೇಳಿತು: ಭ್ರೂಣದ ಎದೆಬಡಿತ ನಿಲ್ಲುವವರೆಗೆ ಕೈಹಾಕಬಾರದು ಎಂಬುದರ ಮೇಲೆ ಅತಿಯಾದ ಒತ್ತು ಬಿದ್ದಿತ್ತು. ನಿರ್ಲಕ್ಷ್ಯವೂ ಕಾನೂನೂ ಇಲ್ಲಿ ಬೇರೆಬೇರೆ ಅಪರಾಧಿಗಳಲ್ಲ. ಕಾಯಿರಿ ಎಂದದ್ದು ಕಾನೂನು. ಕಾಯುವಾಗ ಕಣ್ಣುಮುಚ್ಚಿಕೊಂಡದ್ದು ಆಸ್ಪತ್ರೆ.

ಹಾಗೆಂದು ಭಾರತದವರಾದ ನಾವು ಬೀಗಬೇಕಾಗಿಲ್ಲ. ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲೇ ನಮ್ಮಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಬಂತು, 2021ರಲ್ಲಿ ಇನ್ನಷ್ಟು ಸಡಿಲವಾಯಿತು. ಬೆಳಗಾವಿಯಲ್ಲಿ ಇದ್ದಿದ್ದರೆ ಮಗಳು ಉಳಿಯುತ್ತಿದ್ದಳು ಎಂಬ ಮಾತನ್ನು ಆಗ ಅನೇಕರು ಆಡಿದರು. ಕಾನೂನಿನ ಮಟ್ಟಿಗೆ ಅದು ಸರಿಯೂ ಹೌದು. ಆದರೆ ನಮ್ಮಲ್ಲಿ ಕಾನೂನು ಹತ್ತಿರ, ಆಸ್ಪತ್ರೆ ದೂರ. ಹೆಣ್ಣುಭ್ರೂಣವನ್ನು ಆರಿಸಿ ತೆಗೆಯುವುದನ್ನು ತಡೆಯಲು 1994ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು. ಅದು ಇನ್ನೊಂದೇ ಕಥೆ.

ಸವಿತಾ ಸಾವಿನ ಬಿಸಿಯಲ್ಲಿ 2013ರ ಜುಲೈನಲ್ಲಿ ಐರ್ಲೆಂಡ್ ಕೊನೆಗೂ ಒಂದು ಕಾಯಿದೆ ಮಾಡಿತು. ‘ಗರ್ಭಾವಸ್ಥೆಯಲ್ಲಿ ಜೀವರಕ್ಷಣೆ ಕಾಯಿದೆ’ ಎಂದು ಹೆಸರು. ಹೆಸರಿನಲ್ಲಿ ಗರ್ಭಪಾತ ಎಂಬ ಶಬ್ದವೇ ಇಲ್ಲ. 1861ರ ಕಲಮುಗಳು ಹೋಗಿ 14 ವರ್ಷದ ಶಿಕ್ಷೆ ಬಂತು. ಆತ್ಮಹತ್ಯೆಯ ಅಪಾಯವಿದ್ದರೆ ಮೂವರು ವೈದ್ಯರ ಒಪ್ಪಿಗೆ ಬೇಕು. ಇದರಡಿ ನಡೆದ ಗರ್ಭಪಾತಗಳು 2014ರಲ್ಲಿ 26, 2015ರಲ್ಲಿ 26, 2016ರಲ್ಲಿ 25. ಆ 2016ರಲ್ಲೇ ಇಂಗ್ಲೆಂಡ್, ವೇಲ್ಸ್‌ಗಳಿಗೆ ಹೋದವರು 3,265. ಇದೂ ಒಂದು ಸಾಂಕೇತಿಕ ಕಾನೂನೇ ಎಂದು ನನ್ನ ಅಭಿಪ್ರಾಯ. ಏನೋ ಮಾಡಿದೆವು ಎಂದು ತೋರಿಸಲು ಮಾಡಿದ್ದು.

ಅದರ ಬಲಹೀನತೆ ಮರುವರ್ಷವೇ ಬಯಲಾಯಿತು. 2014ರ ಡಿಸೆಂಬರ್ 3ರಂದು ಇಪ್ಪತ್ತರ ಹರೆಯದ, ಇಬ್ಬರು ಮಕ್ಕಳ ತಾಯಿಯಾದ ಒಬ್ಬ ಗರ್ಭಿಣಿಯ ಮಿದುಳು ಸತ್ತಿದೆ ಎಂದು ವೈದ್ಯರು ಘೋಷಿಸಿದರು. ಗರ್ಭ ನಾಲ್ಕು ತಿಂಗಳನ್ನೂ ತುಂಬಿರಲಿಲ್ಲ. ಯಂತ್ರಗಳನ್ನು ನಿಲ್ಲಿಸಿದರೆ ಹುಟ್ಟದವರ ಹಕ್ಕಿಗೆ ಭಂಗವಾದೀತೇ ಎಂದು ಹೆದರಿ ಆಸ್ಪತ್ರೆ ಅವುಗಳನ್ನು ನಡೆಸುತ್ತಲೇ ಇತ್ತು. ಮಗಳನ್ನು ಮಣ್ಣು ಮಾಡಲು ಬಿಡಿ ಎಂದು ತಂದೆ ಹೈಕೋರ್ಟಿಗೆ ಹೋಗಬೇಕಾಯಿತು. ಮೂವರು ನ್ಯಾಯಮೂರ್ತಿಗಳು ಕ್ರಿಸ್‌ಮಸ್ ಮಾರನೆಯ ದಿನ ಅನುಮತಿ ಕೊಟ್ಟರು. ಶವವನ್ನು ಮನೆಗೆ ತಂದು, ನೆರೆಹೊರೆಯವರೊಡನೆ ರಾತ್ರಿಯೆಲ್ಲ ಕೂತು, ಚಹಾ ಕುಡಿಯುತ್ತ ಸತ್ತವರ ಮಾತಾಡುವುದು ಐರಿಷರ ಹಳೆಯ ಪದ್ಧತಿ. ಸಾವಿನ ಮನೆಯ ಕೆಲಸಗಳನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುವ ಸಮಾಜದಲ್ಲಿ ಒಂದು ಕುಟುಂಬ ಮೂರು ವಾರ ಅಳಲೂ ಆಗದೆ ಕಾದಿತ್ತು.

ಇನ್ನೊಂದು ಪ್ರಕರಣ ವಿಶ್ವಸಂಸ್ಥೆಯವರೆಗೆ ಹೋಯಿತು. ಗರ್ಭದಲ್ಲಿದ್ದ ಮಗು ಬದುಕುವುದಿಲ್ಲವೆಂದು ತಿಳಿದ ಡಬ್ಲಿನ್ನಿನ ಮಹಿಳೆಯೊಬ್ಬರು 2011ರಲ್ಲಿ ಲಿವರ್‌ಪೂಲಿಗೆ ಹೋಗಿ ಗರ್ಭಪಾತ ಮಾಡಿಸಿಕೊಂಡರು. ಮಗುವಿನ ಅವಶೇಷವನ್ನು ಅಲ್ಲಿಯೇ ಬಿಟ್ಟು ಬರಬೇಕಾಯಿತು. ಮೂರು ವಾರದ ಮೇಲೆ ಚಿತಾಭಸ್ಮ ಕೊರಿಯರ್‌ನಲ್ಲಿ ಮನೆ ಬಾಗಿಲಿಗೆ ಬಂತು. ತವರಿನ ಆಸ್ಪತ್ರೆಯಲ್ಲಿ ಮಗು ಕಳೆದುಕೊಂಡವರಿಗೆ ಸಿಗುವ ಸಾಂತ್ವನ ಸಲಹೆ ಈಕೆಗೆ ಸಿಗಲಿಲ್ಲ. ಇದು ಕ್ರೂರ, ಅಮಾನವೀಯ ವರ್ತನೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2016ರಲ್ಲಿ ತೀರ್ಮಾನಿಸಿತು. ಐರ್ಲೆಂಡ್ 30,000 ಯೂರೊ ಪರಿಹಾರ ಕೊಟ್ಟಿತು. ಸೋಜಿಗವೆಂದರೆ ಅದೇ 2016ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ, ಗರ್ಭಪಾತದ ನಂತರ ಭ್ರೂಣವನ್ನು ಹೂಳಲೇಬೇಕು ಇಲ್ಲವೇ ಸುಡಲೇಬೇಕು ಎಂಬ ಕಾನೂನು ಮಾಡಿತು. ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಎತ್ತಿಹಿಡಿಯಿತು. ಒಂದು ಕಡೆ ಶೋಕಿಸಲು ಬಯಸಿದವಳಿಗೆ ಅವಕಾಶವಿಲ್ಲ, ಇನ್ನೊಂದು ಕಡೆ ಬಯಸಲಿ ಬಿಡಲಿ ಶವಸಂಸ್ಕಾರವೇ ಕಾನೂನು.

ಗೋಡೆಯ ಮೇಲಿನ ಮುಖ

ಹಣೆಯಲ್ಲಿ ಬಿಂದಿ, ತುಂಬು ನಗು. ಸವಿತಾ ಅವರ ಒಂದೇ ಭಾವಚಿತ್ರ ವರ್ಷ ವರ್ಷವೂ ಐರ್ಲೆಂಡಿನ ಬೀದಿಗಳಲ್ಲಿ ಕಾಣಿಸಿಕೊಂಡಿತು. ಪ್ರತಿ ಅಕ್ಟೋಬರ್‌ನಲ್ಲಿ ನೆನಪಿನ ಸಭೆಗಳು ನಡೆದವು. ಇದು ಸಾವಿನ ದುರುಪಯೋಗ ಎಂದು ಎದುರು ಪಕ್ಷ ದೂರಿತು. ಅವರಿಗೂ ಅವರದೇ ಶೋಕವಿತ್ತು. ಹುಟ್ಟದ ಮಕ್ಕಳಿಗಾಗಿ ಡಬ್ಲಿನ್‌ನಲ್ಲಿ ಅವರೂ ವರ್ಷವರ್ಷ ದೊಡ್ಡ ಮೆರವಣಿಗೆ ಮಾಡುತ್ತಾರೆ, ಮತ್ತು ಅದರಲ್ಲಿ ನಡೆಯುವವರ ದುಃಖ ನಾಟಕವೆಂದು ನಾನು ನಂಬುವುದಿಲ್ಲ. ವ್ಯತ್ಯಾಸವೊಂದೇ: ಒಂದು ಶೋಕಕ್ಕೆ ಸಂವಿಧಾನದಲ್ಲಿ ಜಾಗವಿತ್ತು, ಇನ್ನೊಂದಕ್ಕೆ ಪಾದಚಾರಿ ರಸ್ತೆ ಮಾತ್ರ.

2016ರಲ್ಲಿ ಸರ್ಕಾರ 99 ಸಾಮಾನ್ಯ ನಾಗರಿಕರನ್ನು ಆರಿಸಿ, ನ್ಯಾಯಮೂರ್ತಿ ಮೇರಿ ಲಫಾಯ್ ಅಧ್ಯಕ್ಷತೆಯಲ್ಲಿ ಒಂದು ಸಭೆ ರಚಿಸಿತು. ಮರುವರ್ಷ ಆ ಸಭೆ ಎಂಟನೆಯ ತಿದ್ದುಪಡಿಯನ್ನು ಇದ್ದಂತೆಯೇ ಇಟ್ಟುಕೊಳ್ಳಲಾಗದು ಎಂದಿತು. ಸಂಸದೀಯ ಸಮಿತಿಯೂ ತಿದ್ದುಪಡಿ ಹೋಗಲಿ ಎಂದಿತು. ಮುಂಬೈ ಮೂಲದ ವೈದ್ಯರ ಮಗನಾದ ಲಿಯೊ ವರಾಡ್ಕರ್ ಆಗ ಪ್ರಧಾನಿ. 2018ರ ಮೇ 25ಕ್ಕೆ ಜನಮತಗಣನೆ ನಿಗದಿಯಾಯಿತು. ನನ್ನ ಮಗಳನ್ನು ನೆನೆದು ಹೌದು ಎಂದು ಮತ ಹಾಕಿ ಎಂದು ಸವಿತಾ ಅವರ ತಂದೆ ಬೆಳಗಾವಿಯಿಂದ ವಿಡಿಯೊ ಸಂದೇಶದಲ್ಲಿ ಕೇಳಿಕೊಂಡರು. ಡಬ್ಲಿನ್‌ನ ಪೋರ್ಟೊಬೆಲ್ಲೊ ಬಡಾವಣೆಯ ಗೋಡೆಯೊಂದರ ಮೇಲೆ ಏಚಸ್ ಎಂಬ ಕಲಾವಿದ ಸವಿತಾ ಮುಖವನ್ನು ದೊಡ್ಡದಾಗಿ ಬರೆದ. ಮುಖದ ಮೇಲೆ ‘ಹೌದು’ ಎಂಬ ಇಂಗ್ಲಿಷ್ ಪದ.

ಫಲಿತಾಂಶ: ಪರ ಶೇ 66.4, ವಿರುದ್ಧ ಶೇ 33.6. 1983ರ ಅಂಕಿಯನ್ನು ತಲೆಕೆಳಗೆ ಮಾಡಿದಂತಿತ್ತು. ಡೊನೆಗಾಲ್ ಒಂದನ್ನು ಬಿಟ್ಟು ಎಲ್ಲ ಕ್ಷೇತ್ರಗಳೂ ಹೌದೆಂದವು. ಆ್ಯನ್ ಲವೆಟ್ ಸತ್ತ ಗ್ರಾನಾರ್ಡ್ ಇರುವ ಲಾಂಗ್‌ಫರ್ಡ್ ಸೀಮೆ ಕೂಡ. ವಿದೇಶಗಳಲ್ಲಿ ಕೆಲಸಕ್ಕಿದ್ದ ಐರಿಷ್ ಯುವಜನ ಮತ ಹಾಕಲೆಂದೇ ವಿಮಾನ, ಹಡಗು ಹತ್ತಿ ಊರಿಗೆ ಬಂದಿದ್ದರು. ಹೋಗುವ ಹಡಗುಗಳ ಕಥೆಯನ್ನಷ್ಟೇ ಕೇಳಿದ್ದ ದೇಶಕ್ಕೆ ಬರುವ ಹಡಗುಗಳ ಚಿತ್ರ ಹೊಸದು.

ಹೊಸ ಕಾನೂನಿಗೆ ಸವಿತಾ ಹೆಸರಿಡಿ ಎಂದು ತಂದೆ ಕೇಳಿದರು. ಅನೇಕ ಐರಿಷರೂ ದನಿಗೂಡಿಸಿದರು. ಇಡಲಿಲ್ಲ. 2018ರ ಡಿಸೆಂಬರ್ 20ರಂದು ಅಧ್ಯಕ್ಷ ಮೈಕೆಲ್ ಡಿ. ಹಿಗಿನ್ಸ್ ಸಹಿ ಹಾಕಿದ ಶಾಸನದ ಹೆಸರು ‘ಆರೋಗ್ಯ (ಗರ್ಭಾವಸ್ಥೆ ಸಮಾಪ್ತಿ ನಿಯಂತ್ರಣ) ಕಾಯಿದೆ’. ಹನ್ನೆರಡು ವಾರಗಳವರೆಗೆ ಕಾರಣ ಹೇಳಬೇಕಿಲ್ಲ, ಮೂರು ದಿನ ಕಾಯಬೇಕು. ಆಮೇಲೆ ತಾಯಿಯ ಜೀವಕ್ಕೆ ಅಪಾಯವಿದ್ದರೆ, ಆರೋಗ್ಯಕ್ಕೆ ಗಂಭೀರ ಹಾನಿಯಾಗುವಂತಿದ್ದರೆ, ಇಲ್ಲವೇ ಮಗು ಬದುಕುಳಿಯದ ಸ್ಥಿತಿಯಿದ್ದರೆ ಮಾತ್ರ. ಇದರ ಹೊರಗೆ ನೆರವಾದವರಿಗೆ 14 ವರ್ಷದ ಶಿಕ್ಷೆ ಉಳಿದುಕೊಂಡಿತು. 2019ರ ಜನವರಿ 1ರಿಂದ ಜಾರಿ. ಮೊದಲ ವರ್ಷ ಅದರಡಿ ನಡೆದ ಗರ್ಭಪಾತಗಳು 6,666. ಮಗಳ ಹೆಸರು ಇಡದಿದ್ದುದು ಆ ತಂದೆಗೆ ನೋವು ತಂದಿರಬೇಕು. ಆದರೂ ಹೆಸರಿಲ್ಲದ ಈ ಒಣ ಕಾನೂನೇ, ಅಷ್ಟು ಗಂಭೀರ ಪದಗಳ ಹಳೆಯ ವಾಕ್ಯಕ್ಕಿಂತ, ಆಸ್ಪತ್ರೆಯಲ್ಲಿ ಮಲಗಿದವಳಿಗೆ ಹೆಚ್ಚು ಉಪಯೋಗದ್ದು.

ಪೋರ್ಟೊಬೆಲ್ಲೊದ ಗೋಡೆಗೆ ಮತದಾನದ ದಿನದಿಂದ ಜನ ಅಂಟುಚೀಟಿಗಳನ್ನು ಅಂಟಿಸತೊಡಗಿದ್ದರು. ಮತ ಹಾಕಿ ಬಂದವರು, ಆಫೀಸಿಗೆ ಹೊರಟವರು, ಮಕ್ಕಳ ಕೈಹಿಡಿದು ಬಂದವರು. ಹೆಚ್ಚಿನ ಚೀಟಿಗಳಲ್ಲಿದ್ದುದು ಒಂದೆರಡು ಸಾಲು, ಕ್ಷಮಿಸು ಎಂಬ ಮಾತು, ನಿನಗಾಗಿ ಮತ ಹಾಕಿದೆ ಎಂಬ ಮಾತು. ಮಳೆಯ ದೇಶವಾದ್ದರಿಂದ ಅವು ಹಾಳಾಗುವ ಮುನ್ನ ಬಿಡಿಸಿ ತೆಗೆಯಲಾಯಿತು. ಈಗ ಅವು ಡಬ್ಲಿನ್ ನಗರ ಗ್ರಂಥಾಲಯದ ದಾಖಲೆ ಸಂಗ್ರಹದಲ್ಲಿವೆ.